ಜಾಡು ಹಿಡಿಯುವ ನಾಯಿ: ಗಮನ ಕದಲದಂತೆ ಪಳಗಿಸುವ ಬಗೆ

2020ರ ಜುಲೈ ತಿಂಗಳಿನಲ್ಲಿ ದಾವಣಗೆರೆ ಜಿಲ್ಲಾ ಪೊಲೀಸ್ ಶ್ವಾನದಳದ ‘ತುಂಗಾ’ ಎಂಬ ಡಾಬರ್‌ಮನ್ ನಾಯಿ ಕೊಲೆ ಪ್ರಕರಣವೊಂದರ ಜಾಡು ಹಿಡಿದು ಸುಮಾರು 12 ಕಿಲೋಮೀಟರ್ ಸಾಗಿ ಆರೋಪಿಯ ಸುಳಿವು ನೀಡಿತು. ಸುದ್ದಿ ರಾಜ್ಯದಾಚೆಗೂ ಹಬ್ಬಿತು. 2024ರ ಜುಲೈನಲ್ಲಿ ಅದೇ ಜಿಲ್ಲೆಯ ‘ತುಂಗಾ-2’ ಸುಮಾರು 8 ಕಿಲೋಮೀಟರ್ ಓಡಿ ಮತ್ತೊಂದು ಪ್ರಕರಣದಲ್ಲಿ ಪೊಲೀಸರಿಗೆ ನೆರವಾಯಿತು.

ಸುದ್ದಿ ಓದಿದವರು ನಾಯಿಯ ಮೂಗನ್ನು ಮೆಚ್ಚಿಕೊಂಡರು. ಆದರೆ ಒಳ್ಳೆಯ ಮೂಗು ಬೀದಿನಾಯಿಗೂ ಇದೆ. ದಾರಿಯಲ್ಲಿ ಎದುರಾಗುವ ಹಸು, ಕೋಳಿ, ತಿಪ್ಪೆ, ಇತರ ನಾಯಿಗಳು, ಜನರ ಗದ್ದಲ ಇವೆಲ್ಲವನ್ನೂ ಬದಿಗೊತ್ತಿ, ಒಬ್ಬನೇ ಮನುಷ್ಯನ ವಾಸನೆಯ ಮೇಲೆ ಗಂಟೆಗಟ್ಟಲೆ ಮನಸ್ಸಿಡುವುದು ಮಾತ್ರ ಹುಟ್ಟಿನಿಂದ ಬರುವುದಿಲ್ಲ. ಅದು ತಿಂಗಳುಗಳ ಅಭ್ಯಾಸದ ಫಲ. ಈ ಅಭ್ಯಾಸ ಕೆಟ್ಟರೆ ಆಗುವ ಹಾನಿಯೂ ಸಣ್ಣದಲ್ಲ. ಗಮನ ತಪ್ಪಿದ ನಾಯಿ ಅಪರಾಧಿಯನ್ನು ಕೈಬಿಡಬಹುದು; ಇಲ್ಲವೇ ನಿರಪರಾಧಿಯ ಮನೆಯ ಮುಂದೆ ಹೋಗಿ ನಿಲ್ಲಬಹುದು.

ನಾಯಿಯ ಗಮನ ಜಾಡಿನ ಮೇಲೆ ನಿಲ್ಲುವಂತೆ ಮಾಡುವುದು ಹೇಗೆ, ಅದು ಏಕೆ ಕದಲುತ್ತದೆ, ಕದಲಿದಾಗ ಹಗ್ಗ ಹಿಡಿದವರು ಏನು ಮಾಡಬೇಕು ಎಂಬುದರ ವಿವರ ಇಲ್ಲಿದೆ.

ಜಾಡು ಎಂದರೇನು?

ಮನುಷ್ಯ ನೆಲದ ಮೇಲೆ ನಡೆದಾಗ ಎರಡು ಬಗೆಯ ವಾಸನೆ ಉಳಿಯುತ್ತದೆ. ಮೊದಲನೆಯದು ದೇಹದ್ದು. ಚರ್ಮದ ಮೇಲಿನಿಂದ ಸದಾ ಉದುರುವ ಸೂಕ್ಷ್ಮ ಹೊಟ್ಟು, ಬೆವರು, ಮೈಜಿಡ್ಡು ಮತ್ತು ಅವುಗಳ ಮೇಲೆ ಬೆಳೆಯುವ ಸೂಕ್ಷ್ಮಜೀವಿಗಳಿಂದ ಇದು ಹುಟ್ಟುತ್ತದೆ. ಎರಡನೆಯದು ನೆಲದ್ದು. ಕಾಲಿನ ಭಾರಕ್ಕೆ ಹುಲ್ಲು ನಲುಗುತ್ತದೆ, ಮಣ್ಣಿನ ಪದರ ಒಡೆಯುತ್ತದೆ, ತೇವ ಮೇಲೆ ಬರುತ್ತದೆ. ಹೀಗೆ ತುಳಿದ ಜಾಗದ ವಾಸನೆ ತುಳಿಯದ ಜಾಗಕ್ಕಿಂತ ಬೇರೆಯಾಗುತ್ತದೆ.

ಇವುಗಳನ್ನು ಬಳಸಿಕೊಳ್ಳುವ ಕ್ರಮಕ್ಕೆ ಅನುಗುಣವಾಗಿ ನಾಯಿಯ ಕೆಲಸವನ್ನು ಮೂರು ಬಗೆಯಾಗಿ ವಿಂಗಡಿಸಲಾಗುತ್ತದೆ. ಮೂಗನ್ನು ನೆಲಕ್ಕೆ ತಾಗಿಸುವಷ್ಟು ಬಗ್ಗಿಸಿ, ಹೆಜ್ಜೆಯಿಂದ ಹೆಜ್ಜೆಗೆ ಸಾಗುವುದು ಹೆಜ್ಜೆಜಾಡು. ವ್ಯಕ್ತಿಯ ಬಟ್ಟೆ ಅಥವಾ ವಸ್ತುವನ್ನು ಮೂಸಿಸಿ, ಗಾಳಿಯಲ್ಲಿ ಅತ್ತಿತ್ತ ತೇಲಿ ನಿಂತ ಅವನ ವಾಸನೆಯನ್ನೇ ಹಿಂಬಾಲಿಸುವಂತೆ ಮಾಡುವುದು ವ್ಯಕ್ತಿಜಾಡು. ತಲೆ ಎತ್ತಿ ಗಾಳಿಯಲ್ಲಿ ಬರುವ ವಾಸನೆಯ ಮೂಲವನ್ನು ಹುಡುಕುವುದು ಮೂರನೆಯದು. ಭೂಕಂಪ ಅಥವಾ ಕಟ್ಟಡ ಕುಸಿತದ ಸ್ಥಳಗಳಲ್ಲಿ ನಾಯಿಗಳು ಮಾಡುವುದು ಹೆಚ್ಚಾಗಿ ಈ ಮೂರನೆಯ ಕೆಲಸ. ಗಮನವನ್ನು ರೂಢಿಸಲು ಹೆಜ್ಜೆಜಾಡು ಬಹಳ ಉಪಯುಕ್ತ. ನಾಯಿ ಎಲ್ಲಿ ಸರಿಯಾಗಿ ಹೋಯಿತು, ಎಲ್ಲಿ ತಪ್ಪಿತು ಎಂಬುದು ಇದರಲ್ಲಿ ಕಣ್ಣಿಗೆ ಕಾಣುತ್ತದೆ.

ಮೂಗಿನ ಸಾಮರ್ಥ್ಯ

ಮನುಷ್ಯನ ಮೂಗಿನಲ್ಲಿ ವಾಸನೆ ಗ್ರಹಿಸುವ ಜೀವಕೋಶಗಳು ಅಂದಾಜು 50ರಿಂದ 60 ಲಕ್ಷ ಇದ್ದರೆ, ನಾಯಿಯಲ್ಲಿ ತಳಿಗೆ ತಕ್ಕಂತೆ 20 ಕೋಟಿ ಅಥವಾ ಅದಕ್ಕೂ ಹೆಚ್ಚು ಎಂದು ಲೆಕ್ಕ ಹಾಕಲಾಗಿದೆ. ಮೂಸುವಾಗ ನಾಯಿ ಉಸಿರನ್ನು ಮೂಗಿನ ಮುಂಭಾಗದಿಂದ ಎಳೆದುಕೊಂಡು ಪಕ್ಕದ ಸೀಳಿನಿಂದ ಹೊರಬಿಡುತ್ತದೆ. ಹೊರಬಂದ ಗಾಳಿ ಮುಂದಿರುವ ವಾಸನೆಯನ್ನು ಅಳಿಸದೆ, ಹೊಸ ವಾಸನೆಯನ್ನು ಮೂಗಿನತ್ತ ಸೆಳೆಯಲು ನೆರವಾಗುತ್ತದೆ.

1993ರಲ್ಲಿ ನಾರ್ವೆಯ ಥೀಸನ್, ಸ್ಟೇನ್ ಮತ್ತು ಡೋವಿಂಗ್ ಎಂಬ ಸಂಶೋಧಕರು ಜಾಡು ಹಿಡಿಯುವ ನಾಯಿಗಳ ವರ್ತನೆಯನ್ನು ಅಳೆದು ನೋಡಿದರು. ಅವರು ಗುರುತಿಸಿದ ಹಂತಗಳು ಮೂರು. ಜಾಡನ್ನು ಹುಡುಕುವ ಹಂತದಲ್ಲಿ ನಾಯಿ ಚುರುಕಾಗಿ ಓಡಾಡುತ್ತದೆ. ಜಾಡು ಸಿಕ್ಕಿದ ಮೇಲೆ ಯಾವ ದಿಕ್ಕಿಗೆ ಹೋಗಬೇಕೆಂದು ನಿರ್ಧರಿಸುವ ಹಂತದಲ್ಲಿ ನಿಧಾನವಾಗುತ್ತದೆ. 3ರಿಂದ 5 ಸೆಕೆಂಡುಗಳಲ್ಲಿ ಕೆಲವೇ ಹೆಜ್ಜೆಗುರುತುಗಳನ್ನು ಮೂಸಿ ದಿಕ್ಕನ್ನು ಕಂಡುಕೊಳ್ಳುತ್ತದೆ. ಮೂರನೆಯದು ಜಾಡಿನ ಮೇಲೆ ಸಾಗುವ ಹಂತ. ಈ ಕೆಲಸದಲ್ಲಿ ನಾಯಿ ಸೆಕೆಂಡಿಗೆ ಸುಮಾರು 6 ಬಾರಿ ಮೂಸುತ್ತದೆ.

2005ರಲ್ಲಿ ಬೆಲ್‌ಫಾಸ್ಟ್‌ನ ಪೀಟರ್ ಹೆಪ್ಪರ್ ಮತ್ತು ಡೆಬೊರಾ ವೆಲ್ಸ್ ಇದನ್ನು ಇನ್ನಷ್ಟು ಸೂಕ್ಷ್ಮವಾಗಿ ಪರೀಕ್ಷಿಸಿದರು. ಸತತ 5 ಹೆಜ್ಜೆಗಳು ಸಿಕ್ಕರೆ ನಾಯಿಗಳು ದಿಕ್ಕನ್ನು ಹೇಳಬಲ್ಲವು, 3 ಹೆಜ್ಜೆಗಳು ಸಾಲವು ಎಂದು ಅವರ ಪ್ರಯೋಗ ತೋರಿಸಿತು. ಐದು ಹೆಜ್ಜೆ ನಡೆಯಲು ಮನುಷ್ಯನಿಗೆ ಕೆಲವೇ ಕ್ಷಣ ಸಾಕು. ಮೊದಲ ಹೆಜ್ಜೆಗೂ ಐದನೆಯ ಹೆಜ್ಜೆಗೂ ನಡುವೆ ವಾಸನೆಯಲ್ಲಿ ಆಗುವ ಅತ್ಯಲ್ಪ ವ್ಯತ್ಯಾಸವನ್ನು ನಾಯಿ ಹೋಲಿಸಿ ನೋಡುತ್ತದೆ ಎಂದಾಯಿತು.

ತರಬೇತಿಗೆ ಇದರಿಂದ ದೊರೆಯುವ ಪಾಠ ಸರಳ. ಜಾಡಿನ ಆರಂಭದಲ್ಲಿ ನಾಯಿ ನಿಧಾನಿಸಿದರೆ ಅದು ಸೋಮಾರಿತನವಲ್ಲ, ಲೆಕ್ಕ ಹಾಕುತ್ತಿದೆ. ಆಗ ‘ಹೋಗು, ಹೋಗು’ ಎಂದು ಅವಸರಪಡಿಸಿದರೆ ಅದರ ಗಮನವನ್ನು ಮನುಷ್ಯನೇ ಕೆಡಿಸಿದಂತೆ.

ಗಮನ ಕದಲಲು ಕಾರಣಗಳು

ನಾಯಿ ತಲೆ ಎತ್ತಿತೆಂದರೆ ಅದಕ್ಕೆ ಬೇಸರವಾಗಿದೆ ಅಥವಾ ಅದು ಹಟ ಮಾಡುತ್ತಿದೆ ಎಂದು ಹೊಸಬರು ಭಾವಿಸುತ್ತಾರೆ. ನಿಜವಾದ ಕಾರಣ ಹೆಚ್ಚಿನ ಸಲ ಬೇರೆಡೆ ಇರುತ್ತದೆ.

ಜಾಡು ನಾಯಿಯ ಮಟ್ಟಕ್ಕಿಂತ ಉದ್ದವಾಗಿರಬಹುದು. ಗಾಳಿ ಎದುರಿನಿಂದ ಬೀಸುತ್ತಿದ್ದರೆ ಮುಂದಿನ ತಿನಿಸಿನ ವಾಸನೆ ತೇಲಿಬಂದು ನಾಯಿ ತಲೆ ಎತ್ತುತ್ತದೆ. ಬಿಸಿಲಿಗೆ ಏದುಸಿರು ಹೆಚ್ಚಿರಬಹುದು. ತಿನಿಸು ಗಟ್ಟಿಯಾಗಿದ್ದರೆ ಅಗಿಯಲು ನಿಂತು ಸುತ್ತ ನೋಡುತ್ತದೆ. ಹಗ್ಗ ಪದೇ ಪದೇ ಜಗ್ಗಿದರೆ ಹಿಂದಿರುವವರ ಕಡೆಗೆ ತಿರುಗುತ್ತದೆ. ಜಾಡನ್ನು ಹಾಕಿದವರೇ ಅದು ಎಲ್ಲಿ ತಿರುಗಿತೆಂದು ಮರೆತು, ಸರಿಯಾಗಿ ಹೋಗುತ್ತಿದ್ದ ನಾಯಿಯನ್ನು ತಡೆದಿರುವುದೂ ಉಂಟು.

ಹೀಗಾಗಿ ನಾಯಿಯ ಗಮನ ತಪ್ಪಿದಾಗ ಮೊದಲು ಪರಿಶೀಲಿಸಬೇಕಾದದ್ದು ಅಂದಿನ ಪಾಠವನ್ನು. ಕೊನೆಗಷ್ಟೇ ನಾಯಿಯನ್ನು. ಅನುಭವಿ ತರಬೇತುದಾರರು ಪ್ರತಿ ಜಾಡಿನ ನಕ್ಷೆ, ಉದ್ದ, ಹಾಕಿದ ಹೊತ್ತು, ಗಾಳಿಯ ದಿಕ್ಕು, ನೆಲದ ಸ್ವರೂಪ, ನಾಯಿ ತಲೆ ಎತ್ತಿದ ಜಾಗ ಇವನ್ನೆಲ್ಲ ಟಿಪ್ಪಣಿ ಪುಸ್ತಕದಲ್ಲಿ ಬರೆದಿಡುತ್ತಾರೆ. ಕೆಲವು ವಾರಗಳ ಟಿಪ್ಪಣಿ ಓದಿದರೆ ತಪ್ಪಿನ ಮೂಲ ತಾನಾಗಿ ಗೋಚರಿಸುತ್ತದೆ.

ಬೇಕಾಗುವ ಸಾಮಗ್ರಿ

ಕುತ್ತಿಗೆಗೆ ಒತ್ತಡ ಬೀಳದಂತೆ ಎದೆಯ ಸುತ್ತ ಕಟ್ಟುವ ಪಟ್ಟಿ ಒಂದು, ಮೊದಲಿಗೆ 2 ಮೀಟರ್ ಹಗ್ಗ, ಅನಂತರ 10 ಮೀಟರ್ ಉದ್ದದ ಹಗ್ಗ, ನೆಲದಲ್ಲಿ ನೆಡಲು ಸಣ್ಣ ಬಾವುಟಗಳು, ನೀರು, ತಿನಿಸು ಇಷ್ಟಿದ್ದರೆ ಸಾಕು. ಎದೆಪಟ್ಟಿಯನ್ನು ಜಾಡಿನ ಕೆಲಸಕ್ಕೆ ಮಾತ್ರ ಮೀಸಲಿಡುವುದು ಉತ್ತಮ. ಅದನ್ನು ಕಟ್ಟಿದೊಡನೆ ‘ಈಗ ಮೂಗಿನ ಕೆಲಸ’ ಎಂಬುದು ನಾಯಿಗೆ ಅರ್ಥವಾಗುತ್ತದೆ. ವಾಯುವಿಹಾರಕ್ಕೂ ಅದೇ ಪಟ್ಟಿ ಬಳಸಿದರೆ ಈ ಸಂಕೇತ ಕೆಡುತ್ತದೆ.

ತಿನಿಸು ಮೆತ್ತಗೆ, ಚಿಕ್ಕದಾಗಿ, ಅಗಿಯದೆ ನುಂಗುವಂತಿರಬೇಕು. ಬೇಯಿಸಿದ ಕೋಳಿ ಮಾಂಸ ಅಥವಾ ಪನ್ನೀರಿನ ಅವರೆಕಾಳಿನಷ್ಟು ತುಣುಕು ಸೂಕ್ತ. ಪುಡಿಯಾಗುವ ಬಿಸ್ಕತ್ತು ಬೇಡ. ಈರುಳ್ಳಿ, ಬೆಳ್ಳುಳ್ಳಿ ಬೆರೆತ ಅಡುಗೆ, ದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷಕಾರಿಯಾದುದರಿಂದ ಕೊಡಲೇಬಾರದು. ನಮ್ಮ ಹವೆಯಲ್ಲಿ ಇರುವೆಗಳ ಕಾಟವೂ ಇರುವುದರಿಂದ ತಿನಿಸಿಟ್ಟ ಜಾಡನ್ನು ಬಹಳ ಹೊತ್ತು ಬಿಡಲಾಗದು. ಇರುವೆ ಮುತ್ತಿದ ತುಣುಕಿಗೆ ಮೂಗೊಡ್ಡಿ ಕಚ್ಚಿಸಿಕೊಂಡ ಮರಿ ಮತ್ತೆ ನೆಲಕ್ಕೆ ಮೂಗು ತಾಗಿಸಲು ಹಿಂಜರಿಯುತ್ತದೆ.

ಮೊದಲ ಪಾಠ: ವಾಸನೆಯ ಚೌಕ

ಹುಲ್ಲು ಇರುವ, ಅಂದು ಯಾರೂ ತುಳಿಯದ ಜಾಗದಲ್ಲಿ ಸುಮಾರು 1 ಮೀಟರ್ ಉದ್ದಗಲದ ಚೌಕವನ್ನು ಕಾಲಿನಿಂದ ಒತ್ತೊತ್ತಾಗಿ ತುಳಿಯಲಾಗುತ್ತದೆ. ಅದರೊಳಗೆ ಹದಿನೈದಿಪ್ಪತ್ತು ತಿನಿಸಿನ ಚೂರುಗಳನ್ನು ಚೆಲ್ಲಿ, ಹಸಿದ ನಾಯಿಯನ್ನು ತಂದು ಬಿಡಲಾಗುತ್ತದೆ. ಹಗ್ಗ ಹಿಡಿದವರು ಮಾತನಾಡುವುದಿಲ್ಲ. ತುಳಿದ ನೆಲದಲ್ಲಿ ತಿನಿಸಿದೆ, ತುಳಿಯದ ನೆಲದಲ್ಲಿ ಇಲ್ಲ ಎಂಬುದನ್ನು ನಾಯಿ ತಾನೇ ಕಂಡುಕೊಳ್ಳಬೇಕು. ಚೌಕದ ಗಡಿ ದಾಟಿದ ನಾಯಿ ತಾನಾಗಿಯೇ ಮೂಗು ಹೊರಳಿಸಿ ಒಳಗೆ ಬಂದರೆ ಪಾಠದ ಅರ್ಧ ಮುಗಿದಂತೆ.

ಎಂಟು ಹತ್ತು ವಾರಗಳ ಮರಿಗೂ ಈ ಪಾಠ ಹೇಳಿಕೊಡಬಹುದು. ಕೆಲವು ನಿಮಿಷ ಸಾಕು. ಚೌಕದಲ್ಲಿ ಒಂದೆರಡು ಚೂರು ಉಳಿದಿರುವಾಗಲೇ ಮರಿಯನ್ನು ಎತ್ತಿಕೊಳ್ಳುವ ರೂಢಿಯೂ ಇದೆ. ಆಸೆ ಉಳಿದ ಮರಿ ಮಾರನೆಯ ದಿನ ಉತ್ಸಾಹದಿಂದ ಬರುತ್ತದೆ.

ನೇರ ಜಾಡು

ಚೌಕದಲ್ಲಿ ಮೂಗು ನೆಲಕ್ಕೆ ಅಂಟಿಕೊಳ್ಳತೊಡಗಿದ ಮೇಲೆ ಅದರಿಂದ ಹೊರಡುವ 15ರಿಂದ 20 ಹೆಜ್ಜೆಗಳ ನೇರ ಜಾಡನ್ನು ಹಾಕಲಾಗುತ್ತದೆ. ಹಾಕುವವರ ಬೆನ್ನಿಗೆ ಗಾಳಿ ಇರಬೇಕು. ಹೆಜ್ಜೆಗಳು ಒತ್ತೊತ್ತಾಗಿದ್ದು, ಪ್ರತಿ ಹೆಜ್ಜೆಗುರುತಿನೊಳಗೆ ಒಂದು ತುಣುಕು ಇರಬೇಕು. ಕೊನೆಯಲ್ಲಿ ತಟ್ಟೆಯೊಂದರಲ್ಲಿ ಹೆಚ್ಚು ತಿನಿಸು. ಹಿಂದಿರುಗುವಾಗ ಅದೇ ದಾರಿಯಲ್ಲಿ ಬರದೆ ದೂರದಿಂದ ಬಳಸಿ ಬರಬೇಕು. ಇಲ್ಲವಾದರೆ ಎರಡು ದಿಕ್ಕಿನ ಹೆಜ್ಜೆ ಬೆರೆತು ನಾಯಿ ಗೊಂದಲಕ್ಕೀಡಾಗುತ್ತದೆ.

ಉದ್ದ ಹೆಚ್ಚಿದಂತೆ ತಿನಿಸು ಕಡಿಮೆಯಾಗಬೇಕು. ಇಲ್ಲಿ ಆಗುವ ಸಾಮಾನ್ಯ ತಪ್ಪೆಂದರೆ ನಿಯಮಿತ ಅಂತರ. ಐದು ಹೆಜ್ಜೆಗೊಂದು ತುಣುಕು ಎಂದು ಲೆಕ್ಕ ಹಾಕಿ ಇಟ್ಟರೆ ನಾಯಿ ಆ ಲೆಕ್ಕವನ್ನು ಕಲಿತು ನಡುವಿನ ನಾಲ್ಕು ಹೆಜ್ಜೆಗಳನ್ನು ಹಾರಿಸುತ್ತದೆ. ಎರಡು ಹೆಜ್ಜೆಗೊಮ್ಮೆ, ಏಳಕ್ಕೊಮ್ಮೆ, ಮತ್ತೆ ಮೂರಕ್ಕೊಮ್ಮೆ ಹೀಗೆ ಊಹೆಗೆ ಸಿಗದಂತೆ ಇಟ್ಟಾಗ ಪ್ರತಿ ಹೆಜ್ಜೆಯನ್ನೂ ಮೂಸುವುದು ಅದಕ್ಕೆ ಲಾಭವೆನಿಸುತ್ತದೆ. ಸುದೀರ್ಘ ಗಮನ ಕಟ್ಟುವ ಮುಖ್ಯ ಉಪಾಯ ಇದೇ.

ತಿರುವುಗಳು

ನೇರ ಜಾಡಿನಲ್ಲಿ ಚೆನ್ನಾಗಿದ್ದ ನಾಯಿ ತಿರುವಿನಲ್ಲಿ ಎಡವುವುದು ಸಹಜ. ವೇಗದಲ್ಲಿ ಬಂದು ತಿರುವು ದಾಟಿ ಮುಂದೆ ಹೋಗಿಬಿಡುತ್ತದೆ. ಆರಂಭದಲ್ಲಿ ತಿರುವನ್ನು ಕುಡುಗೋಲಿನಂತೆ ಬಾಗಿಸಿ, ಹೆಜ್ಜೆಗಳನ್ನು ಒತ್ತಾಗಿಸಿ, ಪ್ರತಿ ಹೆಜ್ಜೆಯಲ್ಲೂ ತಿನಿಸಿಡಬೇಕು. ಅನಂತರ ಕ್ರಮೇಣ ಮೂಲೆಯನ್ನು ಚೂಪಾಗಿಸಿ ಲಂಬಕೋನಕ್ಕೆ ತರಬೇಕು.

ತಿರುವು ತಪ್ಪಿದಾಗ ಹ್ಯಾಂಡ್ಲರ್ (ನಾಯಿಯನ್ನು ಹಿಡಿದು ನಡೆಯುವವರಿಗೆ ಶ್ವಾನದಳಗಳಲ್ಲಿ ಬಳಕೆಯಲ್ಲಿರುವ ಹೆಸರು) ನಿಂತಲ್ಲೇ ನಿಲ್ಲಬೇಕು. ಹಗ್ಗ ಬಿಗಿಯಾದಾಗ ನಾಯಿ ಮುಂದೆ ಹೋಗಲಾರದೆ ಹಿಂದಿರುಗಿ ಅರ್ಧವೃತ್ತದಲ್ಲಿ ಹುಡುಕತೊಡಗುತ್ತದೆ. ಜಾಡು ಮತ್ತೆ ಸಿಕ್ಕಾಗ ಅದರ ಬಾಲ, ಕಿವಿ, ಉಸಿರಿನ ಸದ್ದು ಬದಲಾಗುತ್ತವೆ. ಈ ಬದಲಾವಣೆ ಕಂಡ ಮೇಲಷ್ಟೇ ಹ್ಯಾಂಡ್ಲರ್ ಹೆಜ್ಜೆ ಇಡಬೇಕು. ಹುಡುಕಿ ಪಡೆದ ಜಾಡು ನಾಯಿಯ ಸ್ವಂತದ್ದಾಗುತ್ತದೆ. ಬೆರಳು ತೋರಿಸಿ ಕೊಟ್ಟ ಜಾಡಿನಿಂದ ನಾಯಿ ಕಲಿಯುವುದು ಒಂದೇ: ಕಷ್ಟ ಬಂದಾಗ ಮನುಷ್ಯನ ಮುಖ ನೋಡುವುದು.

ದಾರಿಯಲ್ಲಿನ ವಸ್ತುಗಳು

ಜಾಡಿನ ಮೇಲೆ ಚರ್ಮ, ಬಟ್ಟೆ ಅಥವಾ ಮರದ ಚಿಕ್ಕ ತುಂಡನ್ನು ಬಿಟ್ಟು, ಅದರ ಬಳಿ ನಾಯಿ ಮಲಗಿ ಸೂಚನೆ ನೀಡುವಂತೆ ಕಲಿಸಲಾಗುತ್ತದೆ. ತನಿಖೆಯಲ್ಲಿ ಇದರ ಉಪಯೋಗ ಸ್ಪಷ್ಟ. ಓಡಿಹೋದವನು ಬೀಳಿಸಿದ ಕರವಸ್ತ್ರವೂ ಸಾಕ್ಷ್ಯವೇ. ಗಮನದ ದೃಷ್ಟಿಯಿಂದ ಇದಕ್ಕೆ ಇನ್ನೊಂದು ಪ್ರಯೋಜನವಿದೆ. ವಸ್ತು ಸಿಕ್ಕಲ್ಲೆಲ್ಲ ನಾಯಿಗೆ ವಿರಾಮ, ಮೆಚ್ಚುಗೆ, ತಿನಿಸು ದೊರೆಯುವುದರಿಂದ ಉದ್ದನೆಯ ಜಾಡು ಹಲವು ಚಿಕ್ಕ ಜಾಡುಗಳಾಗಿ ಒಡೆಯುತ್ತದೆ. ಆದರೆ ವಸ್ತುವನ್ನು ಗುರುತಿಸುವ ಪಾಠವನ್ನು ಮೊದಲು ಜಾಡಿನಿಂದ ಬೇರೆಯಾಗಿ, ಮನೆಯಂಗಳದಲ್ಲೇ ಕಲಿಸಬೇಕು. ಒಂದೇ ವೇಳೆಗೆ ಎರಡು ಹೊಸ ಪಾಠ ಸಲ್ಲದು.

ನಾಯಿ ತಲೆ ಎತ್ತಿದಾಗ

ಈ ಸಂದರ್ಭದಲ್ಲಿ ಅನುಸರಿಸಬೇಕಾದ ಕ್ರಮ ಹೀಗಿದೆ:

1. ನಿಲ್ಲುವುದು. ಹಗ್ಗ ಎಳೆಯದೆ, ಸಡಿಲಿಸದೆ ಹಿಡಿದುಕೊಳ್ಳುವುದು.

2. ಸುಮ್ಮನಿರುವುದು. ಹೆಸರು ಹಿಡಿದು ಕರೆದರೆ ನಾಯಿ ಕರೆದವರತ್ತ ನೋಡುತ್ತದೆ, ಜಾಡಿನತ್ತ ಅಲ್ಲ.

3. ಮೂಗು ನೆಲಕ್ಕೆ ಇಳಿದ ಕ್ಷಣವೇ ಮುಂದಡಿ ಇಡುವುದು. ಮುಂದೆ ಸಾಗುವುದೇ ಅದಕ್ಕೆ ಬಹುಮಾನ.

4. ಸ್ವಲ್ಪ ಹೊತ್ತು ಕಾದರೂ ಮೂಗು ಇಳಿಯದಿದ್ದರೆ ಕೊನೆಯ ಬಾರಿ ಸರಿಯಾಗಿ ಮೂಸಿದ ಜಾಗಕ್ಕೆ ನಿಧಾನವಾಗಿ ಹಿಂತಿರುಗಿ ಅಲ್ಲಿಂದ ಮತ್ತೆ ಆರಂಭಿಸುವುದು.

5. ಎರಡನೆಯ ಬಾರಿಯೂ ಆಗದಿದ್ದರೆ ಅಂದಿನ ಜಾಡು ಕಠಿಣವಾಯಿತೆಂದು ತಿಳಿದು, ಹತ್ತು ಹೆಜ್ಜೆಯ ಸುಲಭ ಜಾಡೊಂದನ್ನು ಹಾಕಿ, ಅದನ್ನು ಗೆಲ್ಲಿಸಿ ಮನೆಗೆ ಕರೆದೊಯ್ಯುವುದು.

ಗದರುವುದು, ಹಗ್ಗದಿಂದ ಜಗ್ಗಿ ಶಿಕ್ಷಿಸುವುದು ಹಳೆಯ ಪದ್ಧತಿ. ಪೋರ್ಚುಗಲ್‌ನಲ್ಲಿ 92 ಸಾಕುನಾಯಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ದಂಡನೆ ಬಳಸುವ ತರಬೇತಿ ಶಾಲೆಗಳ ನಾಯಿಗಳಲ್ಲಿ ಒತ್ತಡದ ವರ್ತನೆಗಳೂ ತರಬೇತಿಯ ನಂತರದ ಕಾರ್ಟಿಸೋಲ್ ಹಾರ್ಮೋನಿನ ಏರಿಕೆಯೂ ಹೆಚ್ಚಾಗಿ ಕಂಡುಬಂದವು. ಅಂಜಿದ ನಾಯಿಯ ಗಮನ ಬಹುಪಾಲು ಅಂಜಿಕೆ ತಂದವರ ಮೇಲಿರುತ್ತದೆ.

ಅಡ್ಡಿಗಳಿಗೆ ಒಗ್ಗಿಸುವುದು

ಶಾಂತವಾದ ಹುಲ್ಲುಗಾವಲಿನಲ್ಲಿ ಕಲಿತ ನಾಯಿ ಸಂತೆಬೀದಿಯಲ್ಲಿ ಅದೇ ಕೆಲಸ ಮಾಡಬೇಕೆಂದು ಎದುರುನೋಡುವುದು ತರವಲ್ಲ. ಅಡ್ಡಿಗಳನ್ನು ಒಂದೊಂದಾಗಿ ಸೇರಿಸಬೇಕು. ಮೊದಲು ದೂರದಲ್ಲಿ ಒಬ್ಬ ಮನುಷ್ಯ ನಿಂತಿರಲಿ. ಅನಂತರ ಆತ ನಡೆದಾಡಲಿ. ಮುಂದಿನ ವಾರ ದೂರದಲ್ಲಿ ಮತ್ತೊಂದು ನಾಯಿ ಇರಲಿ. ಆಮೇಲೆ ಜಾಡಿಗೆ ಅಡ್ಡಲಾಗಿ ಇನ್ನೊಬ್ಬರು ದಾಟಿ ಹೋಗಲಿ. ಪ್ರತಿ ಹೊಸ ಅಡ್ಡಿ ಬಂದಾಗ ಜಾಡನ್ನು ಚಿಕ್ಕದು ಮಾಡಿ ತಿನಿಸನ್ನು ಹೆಚ್ಚಿಸಬೇಕು. ಉದ್ದ, ವಯಸ್ಸು, ಅಡ್ಡಿ ಈ ಮೂರರಲ್ಲಿ ಒಂದನ್ನು ಏರಿಸಿದ ದಿನ ಉಳಿದೆರಡನ್ನು ಇಳಿಸುವುದು ಸುರಕ್ಷಿತ ನಿಯಮ. ಇಲ್ಲಿ ವಯಸ್ಸೆಂದರೆ ಜಾಡು ಹಾಕಿ ಎಷ್ಟು ಹೊತ್ತಾಯಿತು ಎಂಬುದು.

ಸ್ಥಳವನ್ನೂ ಬದಲಿಸುತ್ತಿರಬೇಕು. ಇಸ್ರೇಲಿನ ಇರಿಟ್ ಗಾಜಿಟ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸ್ಫೋಟಕ ಪತ್ತೆ ನಾಯಿಗಳನ್ನು ಎರಡು ದಾರಿಗಳಲ್ಲಿ ನಡೆಸಲಾಯಿತು. ಒಂದರಲ್ಲಿ ಸದಾ ಸ್ಫೋಟಕ ಇಡಲಾಗುತ್ತಿತ್ತು. ಇನ್ನೊಂದರಲ್ಲಿ ಎಂದೂ ಇರುತ್ತಿರಲಿಲ್ಲ. ದಿನ ಕಳೆದಂತೆ ಎರಡನೆಯ ದಾರಿಯಲ್ಲಿ ನಾಯಿಗಳ ಆಸಕ್ತಿ ಕುಗ್ಗಿತು. ಮುಂದೆ ಅಲ್ಲಿಯೂ ಸ್ಫೋಟಕ ಇಟ್ಟಾಗ ಅವು ಮೊದಲಿನಂತೆ ಪತ್ತೆ ಹಚ್ಚಲಿಲ್ಲ. ನಾಯಿ ಜಾಗವನ್ನೂ ನೆನಪಿಡುತ್ತದೆ. ಎಲ್ಲಿ ದುಡಿದರೆ ಫಲವಿಲ್ಲವೆಂದು ಅದಕ್ಕೆ ತಿಳಿಯುತ್ತದೋ ಅಲ್ಲಿ ಗಮನ ನಿಲ್ಲುವುದಿಲ್ಲ.

ಬಿಸಿಲು ಮತ್ತು ಮಳೆ

ಏದುಸಿರು ಬಿಡುವ ನಾಯಿ ಬಾಯಿಯಿಂದ ಉಸಿರಾಡುತ್ತದೆ. ಮೂಸುವ ಕೆಲಸ ಅಷ್ಟರಮಟ್ಟಿಗೆ ಕುಂಠಿತವಾಗುತ್ತದೆ. ಗಾಜಿಟ್ ಮತ್ತು ಜೋಸೆಫ್ ಟರ್ಕೆಲ್ 2003ರಲ್ಲಿ ಪ್ರಕಟಿಸಿದ ಮತ್ತೊಂದು ಅಧ್ಯಯನದಲ್ಲಿ, ದೈಹಿಕ ಶ್ರಮದಿಂದ ಏದುಸಿರು ಹೆಚ್ಚಿದಂತೆ ಸ್ಫೋಟಕ ಪತ್ತೆಯ ಸಾಮರ್ಥ್ಯ ತಗ್ಗಿದುದು ಸಾಬೀತಾಯಿತು. ಆದ್ದರಿಂದ ಅಭ್ಯಾಸಕ್ಕೆ ಮುಂಚೆ ಚೆಂಡು ಎಸೆದು ಓಡಿಸಿ ‘ಸುಸ್ತು ಮಾಡಿದರೆ ಗಮನ ನಿಲ್ಲುತ್ತದೆ’ ಎಂಬ ನಂಬಿಕೆ ತಪ್ಪು.

ಕರ್ನಾಟಕದ ಹವಾಗುಣದಲ್ಲಿ ಸೂರ್ಯೋದಯದ ಆಸುಪಾಸಿನ ಹೊತ್ತು ಪ್ರಶಸ್ತ. ಇಬ್ಬನಿಯಿಂದ ನೆಲ ತೇವವಾಗಿದ್ದು ವಾಸನೆ ಹಿಡಿದಿಟ್ಟುಕೊಳ್ಳುತ್ತದೆ, ಬೀದಿ ಗದ್ದಲವೂ ಕಡಿಮೆ. ಬೇಸಿಗೆಯ ನಡುಹಗಲು ಬಯಲುಸೀಮೆಯ ಒಣ ನೆಲದಲ್ಲಿ ಅಭ್ಯಾಸ ಕೂಡದು. ಕಾದ ಡಾಂಬರು ಪಾದವನ್ನು ಸುಡುತ್ತದೆ. ಶಾಖಾಘಾತ ಜೀವಕ್ಕೇ ಎರವಾಗಬಹುದು. ತುಂತುರು ಮಳೆ ತೊಂದರೆಯಲ್ಲ. ಜೋರು ಮಳೆ ಜಾಡನ್ನು ಕೊಚ್ಚಿಬಿಡುತ್ತದೆ. ಜಾಡಿಗೆ ಮುನ್ನವೂ ನಂತರವೂ ನೀರು ಕುಡಿಸುವುದನ್ನು ಮರೆಯಬಾರದು.

ಹಗ್ಗದ ಈ ತುದಿ

ಗಮನದ ಚರ್ಚೆಯಲ್ಲಿ ಹೆಚ್ಚಾಗಿ ಮರೆತುಹೋಗುವುದು ಹಗ್ಗದ ಈ ತುದಿಯಲ್ಲಿರುವ ಮನುಷ್ಯ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಲೀಸಾ ಲಿಟ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಕನ್ನಡಿ ಹಿಡಿಯಿತು. ಮಾದಕವಸ್ತು ಮತ್ತು ಸ್ಫೋಟಕ ಪತ್ತೆಯ 18 ಜೋಡಿಗಳನ್ನು ಒಂದು ಕಟ್ಟಡಕ್ಕೆ ಕರೆಸಲಾಯಿತು. ಅಲ್ಲಿ ಪತ್ತೆಯಾಗಬೇಕಾದ ಯಾವ ವಸ್ತುವೂ ಇರಲಿಲ್ಲ. ಆದರೆ ಕೆಂಪು ಕಾಗದ ಅಂಟಿಸಿದ ಜಾಗದಲ್ಲಿ ವಾಸನೆ ಇದೆ ಎಂದು ಹ್ಯಾಂಡ್ಲರ್‌ಗಳನ್ನು ನಂಬಿಸಲಾಗಿತ್ತು. ಬಹುಪಾಲು ಶೋಧಗಳಲ್ಲಿ ‘ನಾಯಿ ಸೂಚನೆ ನೀಡಿತು’ ಎಂಬ ವರದಿ ಬಂತು. ಕಾಗದವಿದ್ದ ಜಾಗಗಳಲ್ಲಿ ಅದು ಹೆಚ್ಚು.

ಹ್ಯಾಂಡ್ಲರ್‌ನ ನಡಿಗೆ ನಿಧಾನವಾಗುವುದು, ಉಸಿರು ಬಿಗಿಹಿಡಿಯುವುದು, ಹಗ್ಗ ಕೊಂಚ ಬಿಗಿಯಾಗುವುದು ಇವನ್ನೆಲ್ಲ ನಾಯಿ ಓದುತ್ತದೆ. ನೆಲ ಓದುವುದಕ್ಕಿಂತ ಇದು ಸುಲಭವೆಂದು ಕಂಡರೆ ಅದನ್ನೇ ಮಾಡುತ್ತದೆ. ಹೊರನೋಟಕ್ಕೆ ಅದರ ಗಮನ ಎಲ್ಲಿಯೂ ಕದಲಿದಂತೆ ಕಾಣುವುದಿಲ್ಲ. ಆದರೆ ಆ ಗಮನ ಜಾಡಿನ ಮೇಲಿರುವುದಿಲ್ಲ.

ಇದಕ್ಕೆ ಮದ್ದು ‘ಕುರುಡು ಜಾಡು’. ಆರಂಭದ ತಿಂಗಳುಗಳಲ್ಲಿ ಜಾಡು ಎಲ್ಲಿದೆ ಎಂಬುದು ಹ್ಯಾಂಡ್ಲರ್‌ಗೆ ತಿಳಿದಿರಲೇಬೇಕು. ಇಲ್ಲದಿದ್ದರೆ ಸರಿಯಾದುದಕ್ಕೆ ಬಹುಮಾನ ಕೊಡಲಾಗದು. ನಾಯಿ ಪಳಗಿದ ಮೇಲೆ ಬೇರೊಬ್ಬರು ಜಾಡು ಹಾಕಿ, ತಿರುವುಗಳ ಗುಟ್ಟನ್ನು ಹ್ಯಾಂಡ್ಲರ್‌ಗೆ ಹೇಳದಿರಬೇಕು. ಮುಂದಿನ ಹಂತದಲ್ಲಿ ಜೊತೆಗೆ ನಡೆಯುವವರಿಗೂ ಅದು ತಿಳಿದಿರಬಾರದು. ನಾಯಿ ನಿಜಕ್ಕೂ ಜಾಡನ್ನೇ ಹಿಡಿಯುತ್ತಿದೆ ಎಂಬುದಕ್ಕೆ ಇದಕ್ಕಿಂತ ಉತ್ತಮ ಪರೀಕ್ಷೆ ಇಲ್ಲ.

ನ್ಯಾಯಾಲಯದ ಎಚ್ಚರಿಕೆ

ಭಾರತದ ಸುಪ್ರೀಂ ಕೋರ್ಟ್ ನಾಯಿಯ ಜಾಡಿನ ಸಾಕ್ಷ್ಯದ ಬಗ್ಗೆ ಹಲವು ಬಾರಿ ಎಚ್ಚರಿಕೆಯ ಮಾತನಾಡಿದೆ. ಮಹಾರಾಷ್ಟ್ರದ ರೈಲು ವಿಧ್ವಂಸಕ ಪ್ರಕರಣವೊಂದರ ತೀರ್ಪಿನಲ್ಲಿ (1970ರ ಕಾನೂನು ವರದಿಗಳಲ್ಲಿ ಪ್ರಕಟ) ಇಂತಹ ಸಾಕ್ಷ್ಯಕ್ಕಿರುವ ಆಕ್ಷೇಪಗಳನ್ನು ನ್ಯಾಯಾಲಯ ಪಟ್ಟಿ ಮಾಡಿತು. ನಾಯಿ ಕಟಕಟೆಗೆ ಬರಲಾರದು, ಅದರ ಪರವಾಗಿ ಮನುಷ್ಯನೇ ಹೇಳಬೇಕು. ಮನುಷ್ಯನ ಜೀವ ಮತ್ತು ಸ್ವಾತಂತ್ರ್ಯ ನಾಯಿಯ ತೀರ್ಮಾನವನ್ನು ಅವಲಂಬಿಸಬಾರದು ಎಂಬವು ಅವುಗಳಲ್ಲಿ ಸೇರಿದ್ದವು. ಇಂತಹ ಸಾಕ್ಷ್ಯ ಒಪ್ಪತಕ್ಕದ್ದೆನಿಸಿದರೂ ಸಾಮಾನ್ಯವಾಗಿ ಅದಕ್ಕೆ ಹೆಚ್ಚಿನ ತೂಕವಿಲ್ಲ ಎಂಬುದು ನ್ಯಾಯಾಲಯದ ನಿಲುವಾಗಿತ್ತು. 2001ರಲ್ಲಿ ಆಂಧ್ರಪ್ರದೇಶದ ಪ್ರಕರಣವೊಂದರಲ್ಲಿ, ನಾಯಿಯ ವರ್ತನೆಯನ್ನು ಮನುಷ್ಯ ತಪ್ಪಾಗಿ ಅರ್ಥೈಸುವ ಸಾಧ್ಯತೆಯನ್ನು ಅಲ್ಲಗಳೆಯಲಾಗದು ಎಂದು ನ್ಯಾಯಾಲಯ ಅಭಿಪ್ರಾಯಪಟ್ಟಿತು.

ಹೀಗಾಗಿ ನಾಯಿ ತೋರಿಸುವ ದಾರಿ ತನಿಖೆಯ ಆರಂಭವೇ ಹೊರತು ಅಂತ್ಯವಲ್ಲ. ತುಂಗಾ ತೋರಿಸಿದಂತಹ ಸುಳಿವಿನ ಬೆನ್ನಿಗೆ ಬೇರೆ ಸಾಕ್ಷ್ಯಗಳನ್ನು ಕಲೆಹಾಕುವ ಹೊಣೆ ಪೊಲೀಸರದ್ದು.

ಸ್ಪರ್ಧೆಗಳ ಅಳತೆಗೋಲು

ನಾಯಿಯ ಪ್ರಗತಿಯನ್ನು ಅಳೆಯಲು ಬೆಲ್ಜಿಯಂನಲ್ಲಿ ಕೇಂದ್ರ ಕಚೇರಿಯುಳ್ಳ ಅಂತಾರಾಷ್ಟ್ರೀಯ ಶ್ವಾನ ಒಕ್ಕೂಟದ ‘ಐಜಿಪಿ’ ಪರೀಕ್ಷೆಯ ಹಂತಗಳು ಅನುಕೂಲಕರ. 2019ಕ್ಕೆ ಮುನ್ನ ಇದಕ್ಕೆ ‘ಐಪಿಒ’ ಎಂಬ ಹೆಸರಿತ್ತು. ಜಾಡಿನ ವಿಭಾಗಕ್ಕೆ 100 ಅಂಕ. ತೇರ್ಗಡೆಗೆ 70 ಬೇಕು.

ಮೊದಲ ಹಂತ: ಹ್ಯಾಂಡ್ಲರ್ ತಾನೇ ಹಾಕಿದ ಸುಮಾರು 300 ಹೆಜ್ಜೆಯ ಜಾಡು, 20 ನಿಮಿಷ ಹಳೆಯದು, 2 ತಿರುವು.

ಎರಡನೆಯ ಹಂತ: ಅಪರಿಚಿತರು ಹಾಕಿದ ಸುಮಾರು 400 ಹೆಜ್ಜೆ, 30 ನಿಮಿಷ ಹಳೆಯದು, 2 ತಿರುವು.

ಮೂರನೆಯ ಹಂತ: ಅಪರಿಚಿತರು ಹಾಕಿದ ಸುಮಾರು 600 ಹೆಜ್ಜೆ, 60 ನಿಮಿಷ ಹಳೆಯದು, 4 ತಿರುವು, 3 ವಸ್ತುಗಳು.

ಚೌಕದ ಪಾಠದಿಂದ ಮೂರನೆಯ ಹಂತಕ್ಕೆ ಅವಸರದ ದಾರಿ ಇಲ್ಲ. ಒಂದು ಹಂತ ಗಟ್ಟಿಯಾಗುವ ಮುನ್ನ ಮುಂದಕ್ಕೆ ಹಾರಿದವರು ಮತ್ತೆ ಚೌಕಕ್ಕೇ ಮರಳಬೇಕಾಗುತ್ತದೆ.

ತಳಿ ಮತ್ತು ತರಬೇತಿ ಕೇಂದ್ರಗಳು

ಜರ್ಮನ್ ಶೆಫರ್ಡ್, ಡಾಬರ್‌ಮನ್, ಲ್ಯಾಬ್ರಡಾರ್, ಬೆಲ್ಜಿಯನ್ ಮೆಲಿನೋಯಿಸ್, ಬ್ಲಡ್‌ಹೌಂಡ್ ಈ ಕೆಲಸಕ್ಕೆ ಹೆಸರಾದ ತಳಿಗಳು. ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ ಮೂಲತಃ ಕಣ್ಣಿನಿಂದ ಬೇಟೆಯನ್ನು ಗುರುತಿಸಿ ಓಡುವ ವರ್ಗಕ್ಕೆ ಸೇರಿದ್ದು. ದೂರದಲ್ಲಿ ಮೊಲವೊಂದು ಚಲಿಸಿದರೂ ಅದರ ತಲೆ ಮೇಲೇಳುವುದು ಜನ್ಮಗುಣ. ಇಂತಹ ನಾಯಿಗೆ ಮೂಗಿನ ಪಾಠವನ್ನು ಹೆಚ್ಚು ತಾಳ್ಮೆಯಿಂದ, ಎತ್ತರದ ಹುಲ್ಲಿನಲ್ಲಿ, ಕಣ್ಣಿಗೆ ಕೆಲಸ ಕಡಿಮೆಯಾಗುವಂತೆ ಹೇಳಿಕೊಡಬೇಕಾಗುತ್ತದೆ.

ಮಧ್ಯಪ್ರದೇಶದ ಗ್ವಾಲಿಯರ್ ಸಮೀಪದ ಟೇಕನ್‌ಪುರದಲ್ಲಿ ಗಡಿ ಭದ್ರತಾ ಪಡೆಯ ರಾಷ್ಟ್ರೀಯ ಶ್ವಾನ ತರಬೇತಿ ಕೇಂದ್ರವಿದೆ. ಸೇನೆಯ ನಾಯಿಗಳು ಮೀರತ್‌ನಲ್ಲಿ ಪಳಗುತ್ತವೆ. ಬೆಂಗಳೂರು ಹೊರವಲಯದ ತರಳುವಿನಲ್ಲಿ ಕೇಂದ್ರ ಮೀಸಲು ಪೊಲೀಸ್ ಪಡೆಯ ಶ್ವಾನ ತಳಿ ಮತ್ತು ತರಬೇತಿ ಶಾಲೆಯಿದೆ. ಅರಣ್ಯ ಇಲಾಖೆಗೂ ಇಂತಹ ನಾಯಿಗಳ ನೆರವಿದೆ. 2019ರ ಅಕ್ಟೋಬರ್‌ನಲ್ಲಿ ಗುಂಡ್ಲುಪೇಟೆ ತಾಲೂಕಿನಲ್ಲಿ ಜನರನ್ನು ಕೊಂದ ಹುಲಿಯ ಹುಡುಕಾಟದಲ್ಲಿ ಬಂಡೀಪುರದ ‘ರಾಣಾ’ ಎಂಬ ಜರ್ಮನ್ ಶೆಫರ್ಡ್ ಪಾಲ್ಗೊಂಡಿತ್ತು.

ಮನೆಯ ನಾಯಿಗೂ ಪಾಠ

ಜಾಡಿನ ಅಭ್ಯಾಸ ಪೊಲೀಸ್ ನಾಯಿಗಳಿಗಷ್ಟೇ ಮೀಸಲಲ್ಲ. ಶಾರ್ಲಟ್ ಡುರಾಂಟನ್ ಮತ್ತು ಅಲೆಕ್ಸಾಂಡ್ರಾ ಹೊರೋವಿಟ್ಜ್ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ವಾರ ಮೂಗಿನ ಆಟ ಆಡಿದ ಸಾಕುನಾಯಿಗಳು ಅನಿಶ್ಚಿತ ಸನ್ನಿವೇಶವನ್ನು ಹೆಚ್ಚು ಆಶಾದಾಯಕವಾಗಿ ಎದುರಿಸಿದವು. ಜೊತೆಯಲ್ಲಿ ನಡೆಯುವ ಪಾಠವನ್ನಷ್ಟೇ ಕಲಿತ ನಾಯಿಗಳಲ್ಲಿ ಈ ಬದಲಾವಣೆ ಕಾಣಲಿಲ್ಲ.

ದಿನವಿಡೀ ಫ್ಲ್ಯಾಟಿನೊಳಗೆ ಕೂರುವ ನಗರದ ನಾಯಿಗೆ ಬೆಳಗಿನ ಹತ್ತು ನಿಮಿಷದ ಜಾಡು ದೊಡ್ಡ ಬಿಡುಗಡೆ. ಬಡಾವಣೆಯ ಆಟದ ಮೈದಾನದ ಅಂಚು ಸಾಕು. ಹೋಗುವ ಮುನ್ನ ಗಾಜಿನ ಚೂರು, ಇಲಿಪಾಷಾಣ, ಕೊಳೆತ ಆಹಾರ ಇಲ್ಲವೆಂದು ನೋಡಿಕೊಳ್ಳಬೇಕು. ಲಸಿಕೆ ಪೂರ್ಣವಾಗದ ಮರಿಗೆ ಮನೆಯಂಗಳ ಅಥವಾ ತಾರಸಿಯ ಮೇಲೆ ಹಾಸಿದ ಚಾಪೆಯೇ ಮೊದಲ ಚೌಕವಾಗಬಹುದು. ಹಗ್ಗ ಹಿಡಿದವರು ಆ ಹತ್ತು ನಿಮಿಷ ಮೊಬೈಲ್ ಜೇಬಿನಲ್ಲಿಟ್ಟು, ಮಾತು ನಿಲ್ಲಿಸಿ, ನಾಯಿಯ ಬೆನ್ನು ಮತ್ತು ಬಾಲವನ್ನಷ್ಟೇ ನೋಡುತ್ತಾ ನಡೆದರೆ ಪಾಠ ಅರ್ಧಕ್ಕರ್ಧ ಸುಲಭವಾಗುತ್ತದೆ.